ಮೂಲಿಕೆಯ ಹೆಸರಿಲ್ಲದ 'ಮದ್ದು'

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆಯನ್ನು ನೀವು ಮನೆಯ ಹಿರಿಯರಿಂದ ಕೇಳಿಯೇ ಇರುತ್ತೀರಿ. ಆದರೆ ಊಟ ಬಲ್ಲವನು ಎಂದರೆ ಯಾರು? ರುಚಿ ಬಲ್ಲವನೇ, ಅಳತೆ ಬಲ್ಲವನೇ? ಗಾದೆ ಅಷ್ಟಕ್ಕೇ ಸುಮ್ಮನಾಗುತ್ತದೆ. ಮುಂದಿನ ಮಾತು ತಮಿಳಿನ ಪ್ರಾಚೀನ ಗ್ರಂಥವೊಂದರಲ್ಲಿ ಸಿಗುತ್ತದೆ.

ತಿರುವಳ್ಳುವರರ 'ತಿರುಕ್ಕುರಳ್'ನಲ್ಲಿ 133 ಅಧ್ಯಾಯಗಳಿವೆ. ಅಧ್ಯಾಯಕ್ಕೆ 10ರಂತೆ 1330 ದ್ವಿಪದಿಗಳು. 95ನೆಯ ಅಧ್ಯಾಯದ ಹೆಸರು 'ಮರುಂದು', ಅಂದರೆ ಮದ್ದು. ಶುಂಠಿ, ಮೆಣಸು, ಬೇವು ಎಂದು ಪಟ್ಟಿ ಹುಡುಕಲು ಹೊರಟರೆ ನಿಮಗೆ ನಿರಾಶೆಯಾದೀತು. ಅಲ್ಲಿ ಒಂದು ಮೂಲಿಕೆಯ ಹೆಸರೂ ಇಲ್ಲ!

ವಾತ, ಪಿತ್ತ, ಕಫಗಳು ಹೆಚ್ಚಾದರೂ ಕಡಿಮೆಯಾದರೂ ರೋಗ ಎಂದು ಅಧ್ಯಾಯ ಆರಂಭವಾಗುತ್ತದೆ. ಇದು ಅಂದಿನ ವೈದ್ಯದ ನಂಬಿಕೆ. ಇಂದಿನ ಶರೀರಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಅನಂತರದ ಆರು ದ್ವಿಪದಿಗಳು ಮಾತ್ರ ಊಟದ ಬಗ್ಗೆಯೇ ಇವೆ. ಹಿಂದೆ ಉಂಡದ್ದು ಅರಗಿದೆಯೆಂದು ತಿಳಿದು ಉಣ್ಣುವವನ ದೇಹಕ್ಕೆ ಮದ್ದೇ ಬೇಡ ಎನ್ನುತ್ತಾರೆ ಕವಿ. ಚೆನ್ನಾಗಿ ಹಸಿಯಬೇಕು, ಮೈಗೆ ಒಗ್ಗುವುದನ್ನು ಉಣ್ಣಬೇಕು, ಜಠರಾಗ್ನಿಯ ಅಳತೆ ಮೀರಬಾರದು. ಗಮನಿಸಿ, ಇಲ್ಲಿ ಗಡಿಯಾರವಿಲ್ಲ, ಹಸಿವೇ ಗಡಿಯಾರ.

ಈಗ ನಿಮ್ಮ ಪರೀಕ್ಷೆಯ ದಿನಗಳನ್ನು ನೆನೆಯಿರಿ. ರಾತ್ರಿ ಊಟವಾದ ಒಂದು ಗಂಟೆಗೆ ಬೋಂಡಾ, ಮತ್ತೆ ಚಹಾ, ಬಿಸ್ಕತ್ತು. ಸಾಧಾರಣ ಊಟವೊಂದು ಜಠರದಿಂದ ಮುಂದೆ ಸಾಗಲು ಕೆಲವು ಗಂಟೆಗಳೇ ಬೇಕು. ಬೆಳಿಗ್ಗೆ ನಿಜವಾದ ಹಸಿವಾದಾಗ ಸಮಯವಿಲ್ಲವೆಂದು ಬರಿಹೊಟ್ಟೆಯಲ್ಲೇ ಓಡುತ್ತೀರಿ! ತೆಳ್ಳಗಾಗಲು ಊಟ ಬಿಡುವವರೂ ವಳ್ಳುವರರ ಹೆಸರು ಹೇಳುವಂತಿಲ್ಲ. ಹಸಿದಾಗ ಉಣ್ಣಬೇಡಿ ಎಂದು ಅವರು ಎಲ್ಲಿಯೂ ಹೇಳಿಲ್ಲ.

ಹಾಗೆಂದು ಮಿತವಾದ ಊಟ ಎಲ್ಲ ರೋಗವನ್ನೂ ತಡೆದೀತೇ? ಇಲ್ಲ. ಕಲುಷಿತ ನೀರಿನಿಂದ ಬರುವ ಟೈಫಾಯಿಡ್ ಮಿತಾಹಾರಿಯನ್ನೂ ಬಿಡುವುದಿಲ್ಲ. ಸಿಡುಬು ಜಗತ್ತಿನಿಂದಲೇ ತೊಲಗಿತೆಂದು 1980ರಲ್ಲಿ ಘೋಷಿಸಲು ಸಾಧ್ಯವಾದದ್ದು ಲಸಿಕೆಯಿಂದ. ಇನ್ಸುಲಿನ್ ಬೇಕಾದ ಮಧುಮೇಹಿ ಪಥ್ಯವನ್ನೇ ನಂಬಿ ಅದನ್ನು ಬಿಟ್ಟರೆ ಪ್ರಾಣಕ್ಕೇ ಅಪಾಯ.

ವಳ್ಳುವರರೂ ವೈದ್ಯನನ್ನು ದೂರವಿಡಲಿಲ್ಲ. ಕೊನೆಯ ಮೂರು ದ್ವಿಪದಿಗಳು ಚಿಕಿತ್ಸೆಗೇ ಮೀಸಲು. ವೈದ್ಯ ಮೊದಲು ರೋಗವನ್ನೂ ಅದರ ಮೂಲವನ್ನೂ ಶಮನದ ದಾರಿಯನ್ನೂ ಅರಿಯಬೇಕು. ರೋಗಿಯ ಸ್ಥಿತಿ, ರೋಗದ ತೀವ್ರತೆ, ಕಾಲ ಇವುಗಳನ್ನು ತೂಗಿ ನೋಡಬೇಕು. ಚಿಕಿತ್ಸೆಯ ಅಂಗಗಳು ನಾಲ್ಕು: ರೋಗಿ, ವೈದ್ಯ, ಔಷಧ ಮತ್ತು ನಾವು ಹೆಚ್ಚಾಗಿ ಲೆಕ್ಕಕ್ಕೇ ಹಿಡಿಯದ ಒಬ್ಬರು, ಪಕ್ಕದಲ್ಲಿ ಕುಳಿತು ಹೊತ್ತುಹೊತ್ತಿಗೆ ಆ ಔಷಧವನ್ನು ಕುಡಿಸುವವರು.