ಗಿಡಮೂಲಿಕೆ ನಿರಪಾಯವೇ? ಈರುಳ್ಳಿ ಬೇರನ್ನು ಕೇಳಿ

ಗಿಡಮೂಲಿಕೆ ಅಂದ್ರೆ ಅಡ್ಡ ಪರಿಣಾಮ ಇಲ್ಲ ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅಜ್ಜ ಮುತ್ತಜ್ಜ ಕುಡಿದಿದ್ದಾರೆ, ಅವರಿಗೇನಾಯ್ತು ಅಂತ ಕೇಳ್ತೇವೆ. ಇದಕ್ಕೆ ಉತ್ತರ ಬೇಕಾದ್ರೆ ವಿಷದಲ್ಲಿ ಎರಡು ಬಗೆ ಇದೆ ಅನ್ನೋದನ್ನ ಮೊದಲು ತಿಳೀಬೇಕು.

ಒಂದು, ಕೂಡಲೇ ತೋರೋ ವಿಷ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ ಮೇಯ್ದ ದನ ಹೊಲದಲ್ಲೇ ಬೀಳುತ್ತೆ. ಕಣ್ಣಿಗೆ ಕಂಡದ್ದರಿಂದ ಹಿರಿಯರು ಎಚ್ಚರಿಕೆ ಹೇಳಿಟ್ಟರು. ಇನ್ನೊಂದು, ಜೀವಕೋಶದ ಒಳಗಿರೋ ವಂಶವಾಹಿಗಳನ್ನು ಕೆಡಿಸೋ ವಿಷ. ನಮ್ಮ ದೇಹಕ್ಕೆ ಅವು ಬಿತ್ತನೆ ಬೀಜ ಇದ್ದ ಹಾಗೆ. ಅಲ್ಲಿ ಕೆಟ್ಟದ್ದು ಹತ್ತಿಪ್ಪತ್ತು ವರ್ಷ ಕಳೆದು ಕ್ಯಾನ್ಸರ್ ಆಗಿ ಹೊರಬರಬಹುದು. ಅಷ್ಟೊತ್ತಿಗೆ ಯಾವತ್ತೋ ಕುಡಿದ ಕಷಾಯ ಯಾರಿಗೆ ನೆನಪಿರುತ್ತೆ? ಇಂಥ ವಿಷ ಹಿರಿಯರ ಅನುಭವಕ್ಕೆ ಸಿಕ್ಕೋದಿಲ್ಲ. ಅದಕ್ಕೇ ಪರೀಕ್ಷೆ ಬೇಕು.

ಬೇಲಿಯಲ್ಲಿರೋ ಈಶ್ವರಿ ಬಳ್ಳಿ

ಈಶ್ವರಿ ಬಳ್ಳಿ ನಮಗೆ ಹೊಸದಲ್ಲ. ಹೂವು ಸಣ್ಣ ಕೊಳವೆಯಂತೆ, ಬುಡದಲ್ಲಿ ಉಬ್ಬಿರುತ್ತೆ. ಒಣಗಿ ಒಡೆದ ಕಾಯಿ ತೂಗುಹಾಕಿದ ಪುಟ್ಟ ಬುಟ್ಟಿಯಂತೆ ಕಾಣುತ್ತೆ. ಇದರ ಬೇರನ್ನು ಹಾವು ಕಡಿತಕ್ಕೆ, ಜ್ವರಕ್ಕೆ ಕೊಡೋ ರೂಢಿ ಇದೆ. ಇದರಲ್ಲಿ ಅರಿಸ್ಟೊಲೋಕಿಕ್ ಆಮ್ಲ ಅನ್ನೋ ವಸ್ತು ಇದೆ.

ಇದೇ ಆಮ್ಲ ಬೇರೆ ದೇಶಗಳಲ್ಲಿ ಏನು ಮಾಡಿತು ನೋಡಿ. 1990ರ ಸುಮಾರಿಗೆ ಬೆಲ್ಜಿಯಂನಲ್ಲಿ ತೂಕ ಇಳಿಸೋ ಮದ್ದಿನಲ್ಲಿ ಚೀನಾದ ಒಂದು ಬೇರು ಹಾಕ್ತಿದ್ರು. ಹೆಸರು ಒಂದೇ ಥರ ಇದ್ದದ್ದರಿಂದ ಅದರ ಬದಲು ಈಶ್ವರಿ ಜಾತಿಯ ಬೇರು ಸೇರಿಹೋಯ್ತು. ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡ ಕೆಟ್ಟವು. ಅವರಲ್ಲಿ 39 ಜನರನ್ನು ಪರೀಕ್ಷಿಸಿದಾಗ 18 ಜನರಿಗೆ ಮೂತ್ರನಾಳದ ಭಾಗದಲ್ಲಿ ಕ್ಯಾನ್ಸರ್ ಕಂಡಿತು ಅಂತ 2000ದಲ್ಲಿ ವರದಿಯಾಯ್ತು. ಯುರೋಪಿನ ಡ್ಯಾನ್ಯೂಬ್ ಕಣಿವೆಯಲ್ಲಿ ಇದೇ ಜಾತಿಯ ಕಳೆ ಗೋಧಿ ಹೊಲದಲ್ಲಿ ಬೆಳೆದು, ಬೀಜ ಗೋಧಿ ಜೊತೆ ಹಿಟ್ಟಿಗೆ ಸೇರ್ತಿತ್ತು. ಅಲ್ಲಿನ ರೈತ ಕುಟುಂಬಗಳಿಗೂ ಅದೇ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಆಮ್ಲವನ್ನು ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಪರೀಕ್ಷೆ ಹೇಗೆ?

ಎಲ್ಲಕ್ಕಿಂತ ಸರಳವಾದದ್ದು ಈರುಳ್ಳಿ ಪರೀಕ್ಷೆ. 1938ರಲ್ಲಿ ಸ್ವೀಡನ್ನಿನ ಆಲ್ಬರ್ಟ್ ಲೆವಾನ್ ಇದಕ್ಕೆ ದಾರಿ ಹಾಕಿದರು. ಈರುಳ್ಳಿಯ ಬುಡ ನೀರಿಗೆ ತಾಗುವಂತೆ ಲೋಟದ ಮೇಲೆ ಕೂರಿಸ್ತಾರೆ. ಕೆಲವಕ್ಕೆ ಬರೀ ನೀರು, ಕೆಲವಕ್ಕೆ ಮೂಲಿಕೆ ರಸ ಬೆರೆಸಿದ ನೀರು. ಬೇರಿನ ತುದಿಯಲ್ಲಿ ಕೋಶಗಳು ಬೇಗ ಬೇಗ ಇಬ್ಭಾಗ ಆಗ್ತಿರುತ್ತವೆ. ಆ ತುದಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ. ಈರುಳ್ಳಿಯ ಕೋಶದಲ್ಲಿ 16 ವರ್ಣತಂತುಗಳಿವೆ, ದಪ್ಪವಾಗಿ ಚೆನ್ನಾಗಿ ಕಾಣ್ತವೆ. ಅವು ತುಂಡಾಗಿದ್ರೆ, ಅಂಟಿಕೊಂಡಿದ್ರೆ, ಹಂಚಿಕೆ ತಪ್ಪಿದ್ರೆ ಆ ರಸದ ಮೇಲೆ ಅನುಮಾನ ಬರುತ್ತೆ. ಬೇರು ಗಿಡ್ಡ ಆಯ್ತು ಅನ್ನೋದೊಂದೇ ಸಾಲದು. ಉಪ್ಪು ಹೆಚ್ಚಾದ್ರೂ ಬೇರು ಬೆಳೆಯೋದಿಲ್ಲ.

ಎರಡನೆಯದು ಅಮೆರಿಕದ ಬ್ರೂಸ್ ಏಮ್ಸ್ 1970ರ ದಶಕದಲ್ಲಿ ರೂಪಿಸಿದ್ದು. ಹಿಸ್ಟಿಡಿನ್ ಅನ್ನೋ ಪೋಷಕಾಂಶ ತಾನೇ ಮಾಡಿಕೊಳ್ಳಲಾಗದ ಬ್ಯಾಕ್ಟೀರಿಯಾವನ್ನು, ಅದು ಸಾಲದ ಆಹಾರದ ಮೇಲೆ ಬಿಡ್ತಾರೆ. ಮೂಲಿಕೆ ರಸ ವಂಶವಾಹಿಯನ್ನು ಬದಲಾಯಿಸಿದ್ರೆ ಕೆಲವಕ್ಕೆ ಆ ಶಕ್ತಿ ಮರಳಿ ಬಂದು ಚುಕ್ಕಿ ಚುಕ್ಕಿಯಾಗಿ ಬೆಳೀತವೆ. ಬರೀ ನೀರು ಹಾಕಿದ ತಟ್ಟೆಗಿಂತ ಚುಕ್ಕಿ ಬಹಳ ಹೆಚ್ಚಿದ್ರೆ ಅಪಾಯದ ಸೂಚನೆ. ಕೆಲವು ವಸ್ತು ನಮ್ಮ ಪಿತ್ತಜನಕಾಂಗ ದಾಟಿದ ಮೇಲೇ ವಿಷವಾಗೋದ್ರಿಂದ, ಇಲಿಯ ಪಿತ್ತಜನಕಾಂಗದ ರಸ ಸೇರಿಸಿಯೂ ನೋಡ್ತಾರೆ. ಈಶ್ವರಿಯ ಆಮ್ಲ ಈ ಬ್ಯಾಕ್ಟೀರಿಯಾ ಪರೀಕ್ಷೆಯಲ್ಲೇ ಸಿಕ್ಕಿಬಿತ್ತು.

ಮೂರನೆಯದು ಇಲಿಗಳಿಗೆ ಕೊಟ್ಟು, ಮೂಳೆಯ ಮಜ್ಜೆಯ ಕೋಶಗಳಲ್ಲಿ ವರ್ಣತಂತು ಚೂರು ಉಳಿದಿದೆಯೇ ಅಂತ ನೋಡೋದು. ಒಂದೇ ಪರೀಕ್ಷೆ ನಂಬಿ ತೀರ್ಪು ಕೊಡೋ ಹಾಗಿಲ್ಲ.

ನಾವೇನು ಮಾಡಬೇಕು?

ಎಲ್ಲ ಮೂಲಿಕೆಗೂ ಇದೇ ಗತಿ ಅಂತಲ್ಲ. ಆದರೆ ಈಶ್ವರಿ ಬೇರು ಕುಡಿಯೋದು, ಕುಡಿಸೋದು ಬೇಡ. ಬಹಳ ಕಾಲ ಕುಡಿದವರು ಮೂತ್ರಪಿಂಡದ ಪರೀಕ್ಷೆ ಮಾಡಿಸಿಕೊಳ್ಳಲಿ. ಹಾವು ಕಚ್ಚಿದ್ರೆ ನೇರ ಆಸ್ಪತ್ರೆಗೆ ಹೋಗಿ, ಪ್ರತಿವಿಷ ಅಲ್ಲಿದೆ. ಬೇರು ಮಾರೋರು ಒಂದರ ಜೊತೆ ಒಂದು ಬೆರೆಸದೆ, ಚೀಲಕ್ಕೆ ಹೆಸರು ಬರೆದಿಡಿ. ಬೆಲ್ಜಿಯಂನಲ್ಲಿ ತಪ್ಪಿದ್ದು ಅಲ್ಲೇ.

ಹಾಗಂತ ಬಳ್ಳಿ ಕಿತ್ತು ಹಾಕಬೇಡಿ. ಗುಲಾಬಿ ಚಿಟ್ಟೆಗಳ ಹುಳುಗಳಿಗೆ ಅದರ ಎಲೆಯೇ ಊಟ. ಬೇಲಿಯಲ್ಲಿ ಇರಲಿ, ಲೋಟಕ್ಕೆ ಬೇಡ.