ದಾಸ್ತಾನು ಧಾನ್ಯಕ್ಕೆ ಕೀಟಬಲೆ: ನಷ್ಟಕ್ಕೆ ಮುನ್ನವೇ ಎಚ್ಚರಿಕೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ಭಾಗದ ವರ್ತಕರಿಗೆ ಮೆಕ್ಕೆಜೋಳದ ವ್ಯವಹಾರ ಹೊಸದಲ್ಲ. ಸುಗ್ಗಿಯಲ್ಲಿ ಕೊಂಡ ಮಾಲನ್ನು ಉತ್ತಮ ಧಾರಣೆಯ ನಿರೀಕ್ಷೆಯಲ್ಲಿ ಗೋದಾಮಿನಲ್ಲಿರಿಸುವುದು ವಾಡಿಕೆ. ಈ ಅವಧಿಯ ಬಾಡಿಗೆ ಮತ್ತು ಬಡ್ಡಿ ಲೆಕ್ಕಪುಸ್ತಕದಲ್ಲಿ ಕಾಣುತ್ತವೆ; ಹುಳು ತಿಂದ ನಷ್ಟವು ಚೀಲ ಬಿಚ್ಚುವವರೆಗೂ ಕಾಣುವುದಿಲ್ಲ.

ಮೂತಿಹುಳು ಕಾಳನ್ನು ಕೊರೆದು ಒಳಗೇ ಮೊಟ್ಟೆಯಿಡುತ್ತದೆ. ಮರಿಯು ಕಾಳಿನೊಳಗೇ ತಿಂದು ಬೆಳೆದು, ಪ್ರೌಢವಾದ ಮೇಲೆಯೇ ಹೊರಬರುತ್ತದೆ. ಬೆಚ್ಚನೆಯ ಹವೆಯಲ್ಲಿ ಇದಕ್ಕೆ ಸುಮಾರು ಒಂದು ತಿಂಗಳು ಸಾಕು. ಆದ್ದರಿಂದ ಹೊರಗೆ ತೆವಳುವ ಮೊದಲ ಕೆಲವು ಹುಳುಗಳನ್ನು ಗುರುತಿಸುವುದು ಅತಿ ಮುಖ್ಯ.

ಬಲೆಯ ರಚನೆ

ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯವು ಇದಕ್ಕಾಗಿ ಸರಳವಾದ ಬಲೆಯೊಂದನ್ನು ರೂಪಿಸಿದೆ. ಧಾನ್ಯದೊಳಗಿನ ಕೀಟಗಳು ಗಾಳಿಯಿರುವ ಕಡೆಗೆ ಸರಿಯುವ ಸ್ವಭಾವವೇ ಇದರ ಆಧಾರ. ಉದ್ದನೆಯ ಕೊಳವೆಯ ಸುತ್ತ 2 ಮಿ.ಮೀ. ರಂಧ್ರಗಳಿರುತ್ತವೆ. ಅವುಗಳಲ್ಲಿ ಹುಳು ನುಸುಳಬಲ್ಲದು, ಜೋಳದ ಕಾಳು ನುಸುಳಲಾರದು. ಒಳಹೊಕ್ಕ ಹುಳು ತಳದ ಶಂಕುವಿನೊಳಗೆ ಬಿದ್ದು ಸಿಕ್ಕಿಕೊಳ್ಳುತ್ತದೆ. ಕೊಳವೆಯನ್ನು ರಾಶಿಯಲ್ಲಿ ನೆಟ್ಟಗೆ ಹೂಳಿ, ಮುಚ್ಚಳವಷ್ಟೇ ಮೇಲೆ ಕಾಣುವಂತಿರಿಸಬೇಕು. ಒಟ್ಟಿದ ಚೀಲಗಳಿಗೆ ಬೇರೊಂದು ಮಾದರಿಯಿದೆ. ಮೇಲ್ಭಾಗದಲ್ಲಿ ರಂಧ್ರಗಳುಳ್ಳ ಆ ಕೊಳವೆಯನ್ನು ಚೀಲಗಳ ನಡುವೆ ಅಡ್ಡಲಾಗಿ ತೂರಿಸಿದರೆ, ಹೊರತುದಿಯ ಪಾರದರ್ಶಕ ಡಬ್ಬಿಯಲ್ಲಿ ಹುಳುಗಳು ಸಂಗ್ರಹವಾಗುತ್ತವೆ.

ಲೆಕ್ಕದ ದೃಷ್ಟಿ

ಲೆಕ್ಕ ಮಾನದಂಡ 2ರ ಪ್ರಕಾರ ದಾಸ್ತಾನನ್ನು ಅದರ ವೆಚ್ಚ ಅಥವಾ ನಿವ್ವಳ ವಸೂಲಾಗುವ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಉದಾಹರಣೆಗೆ, ಕ್ವಿಂಟಾಲಿಗೆ ರೂ. 2,000ರಂತೆ ಕೊಂಡ 100 ಕ್ವಿಂಟಾಲ್ ಜೋಳಕ್ಕೆ ಹುಳು ಹಿಡಿದಿದೆ ಎಂದು ಭಾವಿಸೋಣ. ಅದಕ್ಕೆ ಸಿಗುವ ಧಾರಣೆ ರೂ. 1,800. ಜರಡಿ ಹಿಡಿಯುವ ಹಾಗೂ ಮಾರಾಟದ ಖರ್ಚು ರೂ. 100. ಆಗ ನಿವ್ವಳ ಮೌಲ್ಯ ರೂ. 1,700 ಮಾತ್ರ, ಒಟ್ಟು ನಷ್ಟ ರೂ. 30,000. ವರ್ಷಾಂತ್ಯದ ದಾಸ್ತಾನನ್ನು ಕೊಂಡ ಬೆಲೆಗೇ ತೋರಿಸಿದರೆ ಕಾಗದದ ಮೇಲೆ ಮಾತ್ರ ಲಾಭವಿರುತ್ತದೆ.

ಅನುಸರಿಸಬೇಕಾದ ಕ್ರಮ

ಮಾಲನ್ನು ಚೆನ್ನಾಗಿ ಒಣಗಿಸಿ, ತೇವಾಂಶ ಶೇ. 12ಕ್ಕೆ ಇಳಿದ ಮೇಲೆ ತುಂಬುವುದು ಲೇಸು. ತುಂಬಿದ ದಿನವೇ ಬಲೆ ಇಟ್ಟು, ವಾರಕ್ಕೊಮ್ಮೆ ಸಿಕ್ಕ ಹುಳುಗಳನ್ನು ಎಣಿಸಿ, ದಿನಾಂಕ ಹಾಗೂ ಲಾಟಿನ ಸಂಖ್ಯೆಯೊಡನೆ ದಾಸ್ತಾನು ವಹಿಯಲ್ಲಿ ಬರೆದಿಡಬೇಕು. ಎಣಿಕೆ ಏರತೊಡಗಿದರೆ ಆ ಲಾಟನ್ನು ಪ್ರತ್ಯೇಕಿಸಿ ಒಣಗಿಸುವುದು, ಬೇಗನೆ ಮಾರುವುದು, ಅಥವಾ ತಜ್ಞರ ಮೇಲ್ವಿಚಾರಣೆಯಲ್ಲಿಯೇ ವಿಷಾನಿಲ ಪ್ರಯೋಗಿಸುವುದು ಸೂಕ್ತ.

ಬಲೆಯು ಎಲ್ಲ ಹುಳುಗಳನ್ನೂ ನಾಶ ಮಾಡುವುದಿಲ್ಲ. ಕಾಳಿನೊಳಗಿನ ಮರಿಗಳು ಅದಕ್ಕೆ ಸಿಗುವುದೂ ಇಲ್ಲ. ಮಾರುವುದೋ, ಕಾಯುವುದೋ ಎಂದು ನಿರ್ಧರಿಸಲು ಇನ್ನೂ ಸಮಯವಿರುವಾಗಲೇ ವರ್ತಕನನ್ನು ಎಚ್ಚರಿಸುವುದಷ್ಟೇ ಅದರ ಉಪಯೋಗ.