ಎ.ಸಿ.ಯಿಂದ ಗಾಳಿ ಕಡಿಮೆ ಬರುತ್ತಿದೆಯೇ? ಗ್ಯಾಸ್ ತುಂಬಿಸುವ ಮುನ್ನ ಕಾರಣ ತಿಳಿಯಿರಿ

ತಾವರಗೇರಾ: ಬೇಸಿಗೆಯ ಬಿಸಿಲು ಕೊಪ್ಪಳ ಜಿಲ್ಲೆಗೆ ಹೊಸದಲ್ಲ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಇಲ್ಲಿಯ ಜನರಿಗೆ ವಾಡಿಕೆಯ ಸಂಗತಿ. ಹೊಸದೇನೆಂದರೆ, ಒಂದು ಕಾಲಕ್ಕೆ ಬ್ಯಾಂಕು, ಆಸ್ಪತ್ರೆ, ದೊಡ್ಡ ಅಂಗಡಿಗಳಿಗೆ ಮಾತ್ರ ಸೀಮಿತವಾಗಿದ್ದ ಹವಾನಿಯಂತ್ರಕ ಇಂದು ತಾವರಗೇರಾ, ಕುಷ್ಟಗಿ, ಯಲಬುರ್ಗಾಗಳಂತಹ ಊರುಗಳ ಮನೆಗಳನ್ನೂ ಪ್ರವೇಶಿಸಿದೆ. ವಯಸ್ಸಾದ ತಂದೆ ತಾಯಿ, ಬಾಣಂತಿ ಅಥವಾ ಹಸುಗೂಸು ಇರುವ ಮನೆಯವರು ಕಂತಿನ ಮೇಲಾದರೂ ಒಂದು ಎ.ಸಿ. ಕೊಳ್ಳುತ್ತಿದ್ದಾರೆ.

ಎರಡು ಬೇಸಿಗೆ ಕಳೆಯುವಷ್ಟರಲ್ಲಿ ದೂರು ಆರಂಭವಾಗುತ್ತದೆ: ‘ಯಂತ್ರ ಓಡುತ್ತದೆ, ಗಾಳಿ ಮಾತ್ರ ಬರುವುದಿಲ್ಲ.’ ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರವೂ ಒಂದೇ: ‘ಗ್ಯಾಸ್ ಕಡಿಮೆಯಾಗಿದೆ, ತುಂಬಿಸಬೇಕು.’ ಈ ಉತ್ತರವನ್ನು ಪರೀಕ್ಷಿಸದೆ ಒಪ್ಪಿಕೊಂಡರೆ ಸಾವಿರಾರು ರೂಪಾಯಿ ವ್ಯರ್ಥವಾಗಬಹುದು. ಗಾಳಿಯ ರಭಸ ಕುಗ್ಗುವುದಕ್ಕೆ ಬಹುಪಾಲು ಕಾರಣಗಳು ಗ್ಯಾಸಿಗೆ ಸಂಬಂಧಿಸಿದವಲ್ಲ. ಅವುಗಳಲ್ಲಿ ಕೆಲವನ್ನು ಮನೆಯವರೇ ಒಂದು ಗಂಟೆಯಲ್ಲಿ, ಖರ್ಚಿಲ್ಲದೆ ಪತ್ತೆ ಹಚ್ಚಬಹುದು.

ಗಾಳಿ ಕಡಿಮೆಯೋ, ತಂಪು ಕಡಿಮೆಯೋ?

ಇವೆರಡೂ ಬೇರೆ ಬೇರೆ ದೋಷಗಳು. ಎ.ಸಿ. ಗಾಳಿಯನ್ನು ಹೊರಗಿನಿಂದ ತರುವುದಿಲ್ಲ. ಗೋಡೆಯ ಮೇಲಿನ ಒಳಘಟಕವು ಕೋಣೆಯ ಗಾಳಿಯನ್ನೇ ಮೇಲಿನಿಂದ ಎಳೆದುಕೊಂಡು, ಜಾಲರಿಯ ಮೂಲಕ ಸೋಸಿ, ತಣ್ಣಗಿನ ಕೊಳವೆಗಳ ಸುರುಳಿಯ ಮೇಲೆ ಹಾಯಿಸಿ, ಉರುಳೆಯಾಕಾರದ ಬ್ಲೋವರ್ ಮೂಲಕ ಮತ್ತೆ ಕೋಣೆಗೆ ಬಿಡುತ್ತದೆ. ಹೊರಘಟಕದಲ್ಲಿರುವ ಕಂಪ್ರೆಸರ್ ಗ್ಯಾಸನ್ನು ಒತ್ತಿ, ಕೋಣೆಯ ಶಾಖವನ್ನು ಹೊರಗೆ ಚೆಲ್ಲುತ್ತದೆ.

ಗಾಳಿ ರಭಸವಾಗಿ ಬರುತ್ತಿದ್ದರೂ ತಂಪಿಲ್ಲವೆಂದರೆ ಗ್ಯಾಸ್, ಕಂಪ್ರೆಸರ್ ಅಥವಾ ಹೊರಘಟಕದ ಮೇಲೆ ಅನುಮಾನಪಡಬೇಕು. ಬರುವ ಗಾಳಿ ತಣ್ಣಗಿದ್ದು ರಭಸ ಮಾತ್ರ ಇಲ್ಲವೆಂದರೆ ದೋಷ ಒಳಘಟಕದಲ್ಲಿಯೇ ಇರುವ ಸಂಭವ ಹೆಚ್ಚು. ಹೊರಘಟಕದ ಫ್ಯಾನು ಪೂರ್ತಿ ನಿಂತರೂ ಒಳಗಿನ ಬ್ಲೋವರಿನ ರಭಸ ನೇರವಾಗಿ ಕಡಿಮೆಯಾಗುವುದಿಲ್ಲ.

ರಿಮೋಟಿನಿಂದ ಆರಂಭಿಸಿ

ತಪಾಸಣೆಯ ಮೊದಲ ಹೆಜ್ಜೆ ಅತಿ ಸರಳವಾದದ್ದು. ಫ್ಯಾನಿನ ವೇಗ ‘ಆಟೋ’ ಸ್ಥಿತಿಯಲ್ಲಿದ್ದರೆ ಕೋಣೆ ತಂಪಾಗುತ್ತಿದ್ದಂತೆ ಯಂತ್ರವು ತಾನಾಗಿಯೇ ಗಾಳಿಯನ್ನು ತಗ್ಗಿಸುತ್ತದೆ. ‘ಸ್ಲೀಪ್’ ಮತ್ತು ‘ಡ್ರೈ’ ಸ್ಥಿತಿಗಳಲ್ಲಿಯೂ ವೇಗ ಕಡಿಮೆಯೇ. ಆದ್ದರಿಂದ ‘ಕೂಲ್’ ಸ್ಥಿತಿಯಲ್ಲಿ ವೇಗವನ್ನು ‘ಹೈ’ಗೆ ಇಟ್ಟು, ಗಾಳಿಯ ದಿಕ್ಕು ತಿರುಗಿಸುವ ಪಟ್ಟಿಗಳು ಪೂರ್ಣ ತೆರೆದಿವೆಯೇ ಎಂದು ನೋಡಬೇಕು. ಒಳಘಟಕದ ಮೇಲ್ಭಾಗಕ್ಕೂ ಛಾವಣಿಗೂ ನಡುವೆ ಗಾಳಿ ಎಳೆದುಕೊಳ್ಳಲು ಜಾಗವಿರಬೇಕು. ಅಲ್ಲಿ ಪರದೆ, ಸಜ್ಜೆಯ ಸಾಮಾನು, ಬಟ್ಟೆ ಅಡ್ಡ ಬಂದಿರಬಾರದು.

ಬಳಿಕ ಕಿವಿಗೊಟ್ಟು ಕೇಳಿ. ಫ್ಯಾನಿನ ಸದ್ದು ಜೋರಾಗಿದ್ದು ಗಾಳಿ ಮಾತ್ರ ಕಡಿಮೆ ಇದ್ದರೆ ದಾರಿಯಲ್ಲಿ ಎಲ್ಲಿಯೋ ಅಡ್ಡಿಯಿದೆ ಎಂದರ್ಥ. ಜಾಲರಿ, ಸುರುಳಿ ಅಥವಾ ಬ್ಲೋವರ್ ಕಟ್ಟಿಕೊಂಡಿರುತ್ತದೆ. ಸದ್ದು ಮತ್ತು ಗಾಳಿ ಎರಡೂ ಕುಗ್ಗಿದ್ದರೆ ಬ್ಲೋವರ್ ತಿರುಗುವ ವೇಗವೇ ಕಡಿಮೆಯಾಗಿದೆ. ಮೋಟಾರು, ಕೆಪಾಸಿಟರ್ ಅಥವಾ ವೋಲ್ಟೇಜಿನ ಕಡೆಗೆ ಗಮನ ಹರಿಸಬೇಕು. ಈ ಒಂದು ವ್ಯತ್ಯಾಸ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ನಮ್ಮ ಧೂಳು, ನಮ್ಮ ಜಾಲರಿ

ಎ.ಸಿ.ಯೊಂದಿಗೆ ಬರುವ ಕೈಪಿಡಿಗಳು ಎಲ್ಲ ಊರುಗಳಿಗೂ ಒಂದೇ ಸಲಹೆ ನೀಡುತ್ತವೆ. ಆದರೆ ನಮ್ಮ ಭಾಗದ ಧೂಳು ಬೇರೆಯೇ ತೆರನಾದದ್ದು. ಎರೆ ಮತ್ತು ಮಸಾರಿ ಎರಡೂ ಬಗೆಯ ಹೊಲಗಳಿಂದ ಬೇಸಿಗೆಯಲ್ಲಿ ಮಣ್ಣು ಏಳುತ್ತದೆ. ಹಿಂಗಾರಿ ಜೋಳ, ಕಡಲೆಯ ರಾಶಿಯ ದಿನಗಳಲ್ಲಿ ಹೊಟ್ಟು ಮನೆಯೊಳಗೆ ಹಾರಿ ಬರುತ್ತದೆ. ಗ್ರಾನೈಟ್ ಗಣಿಗಳ ಸಮೀಪದಲ್ಲಿ ಕಲ್ಲಿನ ಸಣ್ಣ ಪುಡಿ, ಗಂಗಾವತಿ ಮತ್ತು ಕಾರಟಗಿಯ ಅಕ್ಕಿ ಗಿರಣಿಗಳ ಸುತ್ತ ತೌಡು ಮತ್ತು ಬೂದಿ ಸೇರಿಕೊಳ್ಳುತ್ತವೆ. ಇಂತಹ ಕಡೆ ತಿಂಗಳಿಗೊಮ್ಮೆ ಜಾಲರಿ ತೊಳೆದರೆ ಸಾಲದು. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ರಾಶಿಯ ಕಾಲದಲ್ಲಿ ವಾರಕ್ಕೊಮ್ಮೆ ತೊಳೆಯುವುದು ಒಳಿತು.

ವಿಧಾನ ಇಷ್ಟೇ: ರಿಮೋಟಿನಲ್ಲಿ ನಿಲ್ಲಿಸುವುದರ ಜೊತೆಗೆ ಎಂ.ಸಿ.ಬಿ. ಸ್ವಿಚ್ಚನ್ನೂ ಕೆಳಗಿಳಿಸಿ. ಮುಂಭಾಗದ ಮುಚ್ಚಳ ಎತ್ತಿ ಜಾಲರಿಗಳನ್ನು ಹೊರತೆಗೆಯಿರಿ. ಧೂಳು ಹತ್ತಿದ ಬದಿಯ ಹಿಂಭಾಗದಿಂದ ನೀರು ಬಿಟ್ಟರೆ ಧೂಳು ಬಿಟ್ಟುಕೊಳ್ಳುತ್ತದೆ. ಜಿಡ್ಡು ಇದ್ದರೆ ಉಗುರುಬೆಚ್ಚಗಿನ ನೀರಿಗೆ ತುಸು ಸಾಬೂನು ಸೇರಿಸಬಹುದು. ನೆರಳಿನಲ್ಲಿ ಪೂರ್ಣ ಒಣಗಿಸಬೇಕು. ಸುಡುಬಿಸಿಲಿನಲ್ಲಿಟ್ಟರೆ ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗುತ್ತದೆ.

ಜಾಲರಿ ಒಣಗುವ ಮೊದಲೇ ಒಂದು ಪರೀಕ್ಷೆ ಮಾಡಬಹುದು. ಜಾಲರಿ ಇಲ್ಲದೆ ಮುಚ್ಚಳ ಹಾಕಿ, ಒಂದೇ ನಿಮಿಷ ಬ್ಲೋವರ್ ಓಡಿಸಿ. ಗಾಳಿ ಒಮ್ಮೆಗೇ ಹೆಚ್ಚಿದರೆ ತಪ್ಪು ಜಾಲರಿಯದ್ದೇ. ಹೆಚ್ಚದಿದ್ದರೆ ಧೂಳು ಇನ್ನೂ ಒಳಗೆ ಸೇರಿದೆ. ಆದರೆ ಜಾಲರಿಯಿಲ್ಲದೆ ಯಂತ್ರವನ್ನು ಬಹಳ ಹೊತ್ತು ಓಡಿಸಬಾರದು.

ಬ್ಲೋವರ್ ಮತ್ತು ಸುರುಳಿ

ವಿದ್ಯುತ್ ಕಡಿತಗೊಳಿಸಿ, ಗಾಳಿ ಹೊರಬರುವ ಬಾಯಿಯೊಳಗೆ ಟಾರ್ಚ್ ಹಾಯಿಸಿ ನೋಡಿ. ಉರುಳೆಯ ಉದ್ದಕ್ಕೂ ಸಣ್ಣ ಬಾಗಿದ ರೆಕ್ಕೆಗಳು ಕಾಣುತ್ತವೆ. ಗಾಳಿಯನ್ನು ಮೊಗೆದು ತಳ್ಳುವುದು ಈ ಬಾಗಿದ ಆಕಾರವೇ. ಆ ಬಾಗಿನೊಳಗೆ ಧೂಳು ತೇವದೊಂದಿಗೆ ಬೆರೆತು ಗಟ್ಟಿಯಾಗಿ ಕುಳಿತರೆ ಉರುಳೆ ಎಷ್ಟೇ ವೇಗವಾಗಿ ತಿರುಗಿದರೂ ಗಾಳಿಯನ್ನು ಹಿಡಿಯಲಾರದು. ಜಾಲರಿ ಶುದ್ಧವಾಗಿದ್ದೂ ಗಾಳಿ ಕಡಿಮೆ, ಜೊತೆಗೆ ಮುಗ್ಗಲು ವಾಸನೆ ಎಂದಾದರೆ ಇದೇ ಕಾರಣವಿರುವ ಸಾಧ್ಯತೆ ಹೆಚ್ಚು.

ಸುರುಳಿಯ ಮೇಲಿನ ಅಲ್ಯೂಮಿನಿಯಂ ಪದರುಗಳ ನಡುವೆಯೂ ಹೀಗೆಯೇ ಧೂಳು ಕಟ್ಟುತ್ತದೆ. ಇವೆರಡನ್ನೂ ಅನುಭವಿ ಮೆಕ್ಯಾನಿಕ್ ಪಂಪಿನ ನೀರಿನಿಂದ ತೊಳೆಯುವುದು ಲೇಸು. ತೊಳೆಯುವಾಗ ಸರ್ಕಿಟ್ ಬೋರ್ಡಿನ ಭಾಗವನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿದ್ದಾರೆಯೇ ಎಂದು ಮನೆಯವರು ನೋಡಿಕೊಳ್ಳಬೇಕು. ತಂತಿಯ ಬ್ರಷ್ ಬಳಸಲು ಬಿಡಬಾರದು. ಮಡಚಿಕೊಂಡ ಪದರುಗಳು ಗಾಳಿಯ ದಾರಿಯನ್ನು ಶಾಶ್ವತವಾಗಿ ಮುಚ್ಚುತ್ತವೆ.

ಸುರುಳಿಯ ಮೇಲೆ ಮಂಜುಗಡ್ಡೆ

ಆರಂಭದಲ್ಲಿ ಒಳ್ಳೆಯ ಗಾಳಿ, ಎರಡು ಗಂಟೆಯ ನಂತರ ಕ್ರಮೇಣ ಕ್ಷೀಣ, ಯಂತ್ರ ನಿಲ್ಲಿಸಿದ ಮೇಲೆ ಗೋಡೆಯ ಮೇಲೆ ನೀರು. ಈ ಲಕ್ಷಣಗಳಿದ್ದರೆ ಮುಚ್ಚಳ ತೆರೆದು ನೋಡಿ. ಸುರುಳಿಯ ಮೇಲೆ ಬಿಳಿಯ ಮಂಜು ಹೆಪ್ಪುಗಟ್ಟಿರಬಹುದು. ಸುರುಳಿಯ ಮೇಲೆ ಸಾಕಷ್ಟು ಗಾಳಿ ಹಾಯದಿದ್ದರೆ ಅದಕ್ಕೆ ಕೋಣೆಯ ಶಾಖ ದೊರೆಯುವುದಿಲ್ಲ. ಅದು ಸೊನ್ನೆ ಡಿಗ್ರಿಗಿಂತ ಕೆಳಗಿಳಿದು, ಗಾಳಿಯಲ್ಲಿನ ತೇವ ಅದರ ಮೇಲೆ ಹೆಪ್ಪುಗಟ್ಟುತ್ತದೆ. ಹೆಪ್ಪು ಗಾಳಿಯ ದಾರಿಯನ್ನು ಇನ್ನಷ್ಟು ಮುಚ್ಚುತ್ತದೆ. ಗ್ಯಾಸ್ ಸೋರಿ ಒತ್ತಡ ಕುಸಿದಾಗಲೂ ಮಂಜು ಕಟ್ಟುತ್ತದೆ.

ಚಾಕು, ಸ್ಕ್ರೂಡ್ರೈವರ್‌ನಿಂದ ಕೆರೆಯುವುದು ಬೇಡ. ಕೊಳವೆಗೆ ತೂತು ಬಿದ್ದರೆ ಸಣ್ಣ ದೋಷ ದೊಡ್ಡ ವೆಚ್ಚವಾಗುತ್ತದೆ. ತಂಪು ನಿಲ್ಲಿಸಿ ಕೇವಲ ಫ್ಯಾನ್ ಸ್ಥಿತಿಯಲ್ಲಿ ಎರಡು ಮೂರು ಗಂಟೆ ಓಡಿಸಿದರೆ ಮಂಜು ಕರಗುತ್ತದೆ. ಬಳಿಕ ಜಾಲರಿ, ಸುರುಳಿ, ಬ್ಲೋವರ್ ಶುದ್ಧಗೊಳಿಸಿ ನೋಡಿ. ಎಲ್ಲವೂ ಶುದ್ಧವಿದ್ದು, ಬ್ಲೋವರ್ ಸರಿಯಾಗಿ ತಿರುಗುತ್ತಿದ್ದೂ ಮತ್ತೆ ಮಂಜು ಕಟ್ಟಿದರೆ ಮಾತ್ರ ಗ್ಯಾಸ್ ಪರೀಕ್ಷೆಗೆ ಅರ್ಥವಿದೆ.

ಸಂಜೆಗೆ ಕುಗ್ಗುವ ಗಾಳಿ

ಬೆಳಗಿನ ಜಾವ ಚೆನ್ನಾಗಿ ಬೀಸುವ ಯಂತ್ರ ಸಂಜೆ ಏಳರ ಹೊತ್ತಿಗೆ ಸೊರಗಿದರೆ ದೋಷ ಯಂತ್ರದಲ್ಲಿ ಅಲ್ಲ, ತಂತಿಯಲ್ಲಿ ಇರಬಹುದು. ಮನೆಗಳಿಗೆ ದೊರೆಯಬೇಕಾದ ವಿದ್ಯುತ್ತಿನ ಒತ್ತಡ 230 ವೋಲ್ಟ್. ಸಾಮಾನ್ಯ ಬ್ಲೋವರ್ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ಅಂದರೆ ವೋಲ್ಟೇಜ್ 180ಕ್ಕೆ ಕುಸಿದರೆ ಮೋಟಾರಿನ ಬಲ ಶೇ. 61ರಷ್ಟೇ ಉಳಿಯುತ್ತದೆ. ಕಂಪ್ರೆಸರ್ ಮಾತ್ರ ಅದೇ ಕೆಲಸಕ್ಕೆ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ. ಇನ್ವರ್ಟರ್ ಎ.ಸಿ.ಗಳ ಹೊಸ ಬಗೆಯ ಮೋಟಾರುಗಳ ಮೇಲೆ ಈ ಪರಿಣಾಮ ಕಡಿಮೆ.

ಸ್ಟೆಬಿಲೈಸರ್ ಇದ್ದವರು ಅದರ ಮೇಲೆ ಕಾಣುವ ಒಳಬರುವ ವೋಲ್ಟೇಜನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬರೆದಿಟ್ಟುಕೊಳ್ಳಬೇಕು. ಮೂರು ದಿನದ ಇಂತಹ ಪಟ್ಟಿಯೊಂದಿಗೆ 1912ಕ್ಕೆ ಕರೆ ಮಾಡಿ ಅಥವಾ ಜೆಸ್ಕಾಂ ಶಾಖಾ ಕಚೇರಿಗೆ ಲಿಖಿತವಾಗಿ ದೂರು ನೀಡಿದರೆ ದೂರಿಗೆ ಬಲ ಬರುತ್ತದೆ.

ವೋಲ್ಟೇಜ್ ಸರಿಯಿದ್ದೂ ಬ್ಲೋವರ್ ನಿಧಾನವಾಗಿದ್ದರೆ, ‘ಲೋ’ ಮತ್ತು ‘ಹೈ’ ನಡುವೆ ವ್ಯತ್ಯಾಸವೇ ಕಾಣದಿದ್ದರೆ, ಹಳೆಯ ಮಾದರಿಯ ಎ.ಸಿ.ಗಳಲ್ಲಿ ಫ್ಯಾನಿನ ಕೆಪಾಸಿಟರ್ ದುರ್ಬಲಗೊಂಡಿರಬಹುದು. ಇದು ಕಡಿಮೆ ಬೆಲೆಯ ಬಿಡಿಭಾಗ. ಆದರೆ ವಿದ್ಯುತ್ ತೆಗೆದ ಮೇಲೂ ಕೆಪಾಸಿಟರ್ ತನ್ನಲ್ಲಿ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ. ಇದನ್ನು ಬದಲಿಸುವುದು ಮನೆಯವರ ಕೆಲಸವಲ್ಲ.

ಗ್ಯಾಸ್ ಖರ್ಚಾಗುವ ವಸ್ತುವಲ್ಲ

ಎ.ಸಿ.ಯ ಗ್ಯಾಸ್ ಪೆಟ್ರೋಲಿನಂತೆ ಉರಿದು ತೀರುವುದಿಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದು ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿಕೆ ಇದೆ ಎಂದೇ ಅರ್ಥ. ಸೋರಿಕೆ ಮುಚ್ಚದೆ ಪ್ರತಿ ಬೇಸಿಗೆ ಗ್ಯಾಸ್ ತುಂಬಿಸುವುದು ತೂತುಬಿದ್ದ ಕೊಡಕ್ಕೆ ನೀರು ಸುರಿದಂತೆ.

ಸರಳ ಪರೀಕ್ಷೆಯೊಂದಿದೆ. ಶುದ್ಧ ಜಾಲರಿ ಹಾಕಿ, ಉಷ್ಣಾಂಶವನ್ನು ಅತಿ ಕಡಿಮೆಗೆ, ಫ್ಯಾನನ್ನು ‘ಹೈ’ಗೆ ಇಟ್ಟು ಹದಿನೈದು ನಿಮಿಷ ಓಡಿಸಿ. ಯಂತ್ರದೊಳಗೆ ಹೋಗುವ ಮತ್ತು ಹೊರಬರುವ ಗಾಳಿಯ ಉಷ್ಣಾಂಶವನ್ನು ಕೋಣೆಯ ಉಷ್ಣಮಾಪಕದಿಂದ ಅಳೆಯಿರಿ. ಸಾಮಾನ್ಯವಾಗಿ 8ರಿಂದ 12 ಡಿಗ್ರಿ ವ್ಯತ್ಯಾಸವಿರುತ್ತದೆ. ನಮ್ಮ ಒಣ ಬೇಸಿಗೆಯಲ್ಲಿ ತುಸು ಹೆಚ್ಚೂ ಇರಬಹುದು. ಗಾಳಿ ಕಡಿಮೆಯಿದ್ದು ವ್ಯತ್ಯಾಸ ಇದಕ್ಕಿಂತ ಬಹಳ ಹೆಚ್ಚಿದ್ದರೆ ದಾರಿ ಕಟ್ಟಿಕೊಂಡಿದೆ. ಗಾಳಿ ರಭಸವಾಗಿದ್ದು ವ್ಯತ್ಯಾಸ ನಾಲ್ಕೈದು ಡಿಗ್ರಿ ಮಾತ್ರ ಇದ್ದರೆ ಆಗ ಗ್ಯಾಸ್ ಅಥವಾ ಹೊರಘಟಕವನ್ನು ಪರೀಕ್ಷಿಸಬೇಕು.

ಗ್ಯಾಸ್ ತುಂಬಿಸಲೇಬೇಕಾದರೆ ಮೆಕ್ಯಾನಿಕ್‌ಗೆ ನಾಲ್ಕು ಪ್ರಶ್ನೆ ಕೇಳಿ. ಸೋರಿಕೆ ಎಲ್ಲಿದೆ ಎಂದು ತೋರಿಸುವಿರಾ? ಅದನ್ನು ಬೆಸುಗೆ ಹಾಕಿ ಮುಚ್ಚುವಿರಾ? ವ್ಯಾಕ್ಯೂಮ್ ಪಂಪ್ ಹಚ್ಚಿ ಒಳಗಿನ ಗಾಳಿ, ತೇವ ತೆಗೆಯುವಿರಾ? ಯಂತ್ರದ ಫಲಕದ ಮೇಲೆ ಬರೆದ ಗ್ಯಾಸನ್ನೇ ತೂಕ ಮಾಡಿ ತುಂಬುವಿರಾ? ಆರ್-22, ಆರ್-410ಎ, ಆರ್-32 ಇವು ಬೇರೆ ಬೇರೆ ಗ್ಯಾಸುಗಳು. ಒಂದರ ಬದಲು ಇನ್ನೊಂದನ್ನು ತುಂಬಲಾಗದು. ಆರ್-32 ಅಲ್ಪ ಪ್ರಮಾಣದಲ್ಲಿ ಬೆಂಕಿ ಹತ್ತಿಕೊಳ್ಳುವ ಗುಣವುಳ್ಳದ್ದಾದ್ದರಿಂದ ಕೆಲಸ ನಡೆಯುವಾಗ ಕಿಟಕಿಗಳು ತೆರೆದಿರಬೇಕು, ಬೀಡಿ ಸಿಗರೇಟು ದೂರವಿರಬೇಕು.

ಏರ್ ಕೂಲರ್ ಇರುವ ಮನೆಗಳಿಗೆ

ನಮ್ಮ ಭಾಗದಲ್ಲಿ ಇಂದಿಗೂ ಹೆಚ್ಚಿನ ಮನೆಗಳಿಗೆ ಏರ್ ಕೂಲರೇ ಆಸರೆ. ಇಲ್ಲಿ ಗಾಳಿ ಕಡಿಮೆಯಾಗುವ ಮುಖ್ಯ ಕಾರಣ ಗಡಸು ನೀರು. ಕೊಳವೆ ಬಾವಿಯ ನೀರು ಆವಿಯಾದಾಗ ಅದರ ಲವಣ ಪ್ಯಾಡಿನಲ್ಲಿಯೇ ಉಳಿದು ಬಿಳಿಯ ಹೆಕ್ಕಳೆ ಕಟ್ಟುತ್ತದೆ. ಗಾಳಿಯ ರಂಧ್ರಗಳು ಮುಚ್ಚಿಹೋಗುತ್ತವೆ. ವಾರಕ್ಕೊಮ್ಮೆ ತೊಟ್ಟಿಯ ನೀರನ್ನು ಪೂರ್ತಿ ಚೆಲ್ಲಿ, ಉಜ್ಜಿ ತೊಳೆದರೆ ಲವಣ ಕಡಿಮೆಯಾಗುವುದಲ್ಲದೆ ಡೆಂಗಿ ಹರಡುವ ಸೊಳ್ಳೆಯ ಮರಿಗಳೂ ನಾಶವಾಗುತ್ತವೆ. ಹೆಕ್ಕಳೆ ಗಟ್ಟಿಯಾದ ಹುಲ್ಲಿನ ಪ್ಯಾಡನ್ನು ಬದಲಿಸುವುದೇ ದಾರಿ.

ಎ.ಸಿ. ಇರುವ ಕೋಣೆಯ ಬಾಗಿಲು ಮುಚ್ಚಿರಬೇಕು. ಕೂಲರ್ ಇರುವ ಕೋಣೆಯ ಎದುರಿನ ಕಿಟಕಿ ತೆರೆದಿರಬೇಕು. ಹೊರಹೋಗಲು ದಾರಿಯಿಲ್ಲದಿದ್ದರೆ ಕೂಲರ್ ಗಾಳಿಯನ್ನು ಒಳಗೆ ತಳ್ಳಲಾರದು, ಸೆಕೆಯೂ ಹೆಚ್ಚುತ್ತದೆ. ತಗಡಿನ ಕೂಲರಿಗೆ ನೀರು ಹಾಕುವ ಮುನ್ನ ಪ್ಲಗ್ ತೆಗೆಯುವುದನ್ನು ಮರೆಯಬಾರದು. ಅರ್ಥಿಂಗ್ ಇಲ್ಲದ ಕೂಲರ್ ಪ್ರಾಣಕ್ಕೆ ಅಪಾಯಕಾರಿ.

ಕೊನೆಯದಾಗಿ

ತಪಾಸಣೆಯ ಕ್ರಮ ಹೀಗಿರಲಿ: ಮೊದಲು ರಿಮೋಟ್, ನಂತರ ಜಾಲರಿ, ನಂತರ ಸದ್ದು, ಮಂಜು, ವೋಲ್ಟೇಜ್, ಮೆಕ್ಯಾನಿಕ್‌ಗೆ ಕರೆ ಆಮೇಲೆ. ಕರೆ ಮಾಡುವಾಗ ‘ಎ.ಸಿ. ಕೆಟ್ಟಿದೆ’ ಎನ್ನುವ ಬದಲು ‘ಜಾಲರಿ ತೊಳೆದಿದ್ದೇವೆ, ಸದ್ದು ಜೋರಿದೆ, ಗಾಳಿ ಕಡಿಮೆ, ಮಂಜು ಇಲ್ಲ’ ಎಂದು ತಿಳಿಸಿದರೆ ಅವರಿಗೂ ದೋಷ ಹುಡುಕಲು ಅನುಕೂಲ, ನಿಮಗೂ ಅನಗತ್ಯ ವೆಚ್ಚ ತಪ್ಪುತ್ತದೆ. 2020ರ ಜನವರಿಯಿಂದ ಸ್ಟಾರ್ ಗುರುತಿನ ಎ.ಸಿ.ಗಳು ಆರಂಭದಲ್ಲಿ 24 ಡಿಗ್ರಿಗೇ ನಿಗದಿಯಾಗಿ ಬರಬೇಕೆಂದು ಕೇಂದ್ರ ಸರ್ಕಾರ ನಿಯಮ ಮಾಡಿತು. ಗಾಳಿಯ ದಾರಿ ಶುದ್ಧವಾಗಿದ್ದರೆ ಸೀಲಿಂಗ್ ಫ್ಯಾನಿನ ಜೊತೆ ಈ ಮಟ್ಟವೇ ಬಹುತೇಕ ಮನೆಗಳಿಗೆ ಸಾಕು, ವಿದ್ಯುತ್ ಬಿಲ್ಲೂ ಹಗುರವಾಗುತ್ತದೆ.

ರಿಪೇರಿಗೆ ಒಂದೆರಡು ದಿನ ಹಿಡಿದರೆ ಮನೆಯ ಹಿರಿಯರನ್ನು ಮರೆಯದಿರಿ. ಅವರನ್ನು ಬಿಸಿಲು ತಾಗದ ಕೆಳಮಹಡಿಯ ಕೋಣೆಯಲ್ಲಿ ಮಲಗಿಸಿ, ಬಾಯಾರಿಕೆ ಎನ್ನದಿದ್ದರೂ ಆಗಾಗ ನೀರು, ಮಜ್ಜಿಗೆ ಕೊಡಬೇಕು. ಮೈ ಸುಡುತ್ತಿದ್ದು ಮಾತು ತೊದಲಿದರೆ ಅಥವಾ ಎಚ್ಚರ ತಪ್ಪಿದರೆ ಒದ್ದೆ ಬಟ್ಟೆಯಿಂದ ಮೈ ತಂಪು ಮಾಡುತ್ತಾ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು.